ಗಾಜು ತೆಗೆದಿಟ್ಟ ಯಂತ್ರ: ಕಾರ್ಖಾನೆಯ ಪಿನ್‌ಬಾಲ್, ಮನೆಯ ಪಿನ್‌ಬಾಲ್

ಸಭಾಂಗಣದ ಮೂಲೆಯಲ್ಲಿ ಒಂದು ಯಂತ್ರದ ಗಾಜನ್ನು ತೆಗೆದಿಟ್ಟಿದ್ದರು. ಆಟದ ಹಲಗೆಯನ್ನು ಮೇಲೆತ್ತಿ ಒರಗಿಸಿ, ಅದನ್ನು ಕಟ್ಟಿದಾತ ಬೆಸುಗೆ ಕಡ್ಡಿ ಹಿಡಿದು ತಂತಿಗಳ ಗೊಂಚಲಿನೊಳಗೆ ತಲೆ ಹಾಕಿದ್ದ. ಆಡಲು ಸಾಲು ನಿಂತಿದ್ದ ಐದಾರು ಮಂದಿಯಲ್ಲಿ ಒಬ್ಬರೂ ಕದಲಲಿಲ್ಲ. ಒಬ್ಬರು ಮೊಬೈಲಿನ ಟಾರ್ಚ್ ಹಿಡಿದರು. ಇನ್ನೊಬ್ಬರು ಬಗ್ಗಿ ನೋಡಿ, ಕಿತ್ತುಬಂದಿದ್ದ ತಂತಿ ಯಾವುದೆಂದು ಬೆರಳು ತೋರಿಸಿದರು. ಹತ್ತು ನಿಮಿಷದಲ್ಲಿ ಹಲಗೆ ಕೆಳಗಿಳಿಯಿತು, ಗಾಜು ಜಾರಿ ತನ್ನ ಜಾಗಕ್ಕೆ ಬಂತು, ಸಾಲಿನ ಮೊದಲ ಹುಡುಗಿ ಗುಂಡನ್ನು ಚಿಮ್ಮಿಸಿದಳು. ಕಟ್ಟಿದಾತ ಪಕ್ಕದಲ್ಲೇ ನಿಂತ. ಅವನ ಕಣ್ಣು ಯಂತ್ರದ ಮೇಲಿರಲಿಲ್ಲ, ಅವಳ ಕೈಗಳ ಮೇಲಿತ್ತು.

ಷಿಕಾಗೊದ ಹೊರವಲಯದ ಷಾಂಬರ್ಗ್‌ನಲ್ಲಿ ಸೇರುವ ಪಿನ್‌ಬಾಲ್ ಎಕ್ಸ್‌ಪೊದಲ್ಲಿ ಇಂಥ ನೋಟ ಅಪರೂಪವಲ್ಲ. 1985ರಲ್ಲಿ ಆರಂಭವಾದ ಈ ಮೇಳ ಶರತ್ಕಾಲದಲ್ಲಿ, ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ನಡೆಯುತ್ತದೆ. ಪ್ರವೇಶದ ಟಿಕೆಟ್ ಕೊಂಡರೆ ಸಾಕು, ಒಳಗೆ ನಾಣ್ಯ ಹಾಕುವ ಗೊಡವೆಯಿಲ್ಲ. ಕಂಪನಿಗಳ ಹೊಚ್ಚಹೊಸ ಯಂತ್ರಗಳು ಒಂದೆಡೆ ಬೆಳಕು ಚೆಲ್ಲಿ ನಿಂತರೆ, ಗ್ಯಾರೇಜುಗಳಲ್ಲೂ ನೆಲಮಾಳಿಗೆಗಳಲ್ಲೂ ಹುಟ್ಟಿದ ಯಂತ್ರಗಳು ಇನ್ನೊಂದೆಡೆ. ಇವುಗಳನ್ನು ಅಲ್ಲಿಯವರು 'ಹೋಮ್‌ಬ್ರೂ' ಎನ್ನುತ್ತಾರೆ. ಟೆಕ್ಸಾಸ್ ರಾಜ್ಯದ ಫ್ರಿಸ್ಕೊದಲ್ಲಿ ನಡೆಯುವ ಪಿನ್‌ಬಾಲ್ ಉತ್ಸವದಲ್ಲೂ ಇಂಥದೇ ಒಂದು ಸಾಲು ಇರುತ್ತದೆ. ಕಾರ್ಖಾನೆಯದು, ಮನೆಯದು ಎಂಬ ಈ ಎರಡು ಸಾಲುಗಳ ನಡುವಿನ ಸಂಬಂಧವೇನು? ತೊಂಬತ್ತು ವರ್ಷ ದಾಟಿದ ಈ ಕಲೆಗೆ ಹೊಸ ಉಸಿರು ಬರುತ್ತಿರುವುದು ಯಾವ ಕಡೆಯಿಂದ? ಈ ಲೇಖನ ಹಿಡಿದು ಹೊರಟಿರುವುದು ಈ ಪ್ರಶ್ನೆಗಳನ್ನು.

ಮೊಳೆ, ಗೋಲಿ, ಸ್ಪ್ರಿಂಗು

ನಮ್ಮಲ್ಲಿ ಹಿಂದಿನ ತಲೆಮಾರಿನ ಕೆಲವು ಮನೆಗಳಲ್ಲಿ ಬಾಗಟೆಲ್ ಹಲಗೆ ಇರುತ್ತಿತ್ತು. ಮರದ ಹಲಗೆಯ ಮೇಲೆ ಅರ್ಧಚಂದ್ರದಂತೆ ಹೊಡೆದ ಸಣ್ಣ ಮೊಳೆಗಳು, ಪಕ್ಕದಲ್ಲೊಂದು ಸ್ಪ್ರಿಂಗಿನ ಕಡ್ಡಿ, ಒಂದಿಷ್ಟು ಗೋಲಿ. ಬೇಸಿಗೆ ರಜೆಯಲ್ಲಿ ಅದರ ಮುಂದೆ ಕುಳಿತವರಿಗೆ ಪಿನ್‌ಬಾಲ್ ಪೂರ್ತಿ ಹೊಸದಲ್ಲ. ಫ್ರಾನ್ಸಿನ ಶ್ರೀಮಂತರ ಮನೆಗಳಲ್ಲಿ 18ನೆಯ ಶತಮಾನದಲ್ಲಿ ಆಡುತ್ತಿದ್ದ ಬಾಗಟೆಲ್ ನಮ್ಮ ಕಡೆಗೂ ಅಮೆರಿಕಕ್ಕೂ ಹಬ್ಬಿತು. ಅಮೆರಿಕದ ಸಿನ್ಸಿನಾಟಿಯಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬಾತ 1871ರಲ್ಲಿ ಅದರ ಸುಧಾರಿತ ರೂಪಕ್ಕೆ ಪೇಟೆಂಟ್ ಪಡೆದ. ಕೋಲಿನಿಂದ ತಳ್ಳುವ ಬದಲು ಸ್ಪ್ರಿಂಗ್ ಎಳೆದು ಚಿಮ್ಮಿಸುವ ಪದ್ಧತಿ ಅಲ್ಲಿಂದ ಬೇರೂರಿತು.

1931ರಲ್ಲಿ ಷಿಕಾಗೊದ ಡೇವಿಡ್ ಗಾಟ್ಲೀಬ್ 'ಬ್ಯಾಫಲ್ ಬಾಲ್' ಎಂಬ ಮೇಜಿನ ಮೇಲಿಡುವ ಯಂತ್ರ ತಂದ. ಆರ್ಥಿಕ ಕುಸಿತದಲ್ಲಿ ಕೈಖಾಲಿಯಾಗಿದ್ದ ಜನಕ್ಕೆ ಒಂದು ಸೆಂಟಿನ ಸಂತೋಷ ಅದು, ಮಾರಾಟ 50,000 ದಾಟಿತು. ಯಂತ್ರವನ್ನೇ ಎತ್ತಿ ಕುಲುಕುವವರನ್ನು ತಡೆಯಲು ಹ್ಯಾರಿ ವಿಲಿಯಮ್ಸ್ 'ಟಿಲ್ಟ್' ಸಾಧನ ಕಂಡುಹಿಡಿದ. ವಿದ್ಯುತ್ತಿನ ಕಾಯಿಲ್‌ಗಳೂ ಆ ದಶಕದಲ್ಲೇ ಪೆಟ್ಟಿಗೆಯೊಳಗೆ ಸೇರಿದವು. ಆದರೆ ಗುಂಡು ಕೆಳಗೆ ಉರುಳಿಬಂದರೆ ಅದನ್ನು ಮತ್ತೆ ಮೇಲಕ್ಕೆ ಹೊಡೆಯುವ ದಾರಿ ಇರಲಿಲ್ಲ. ಅದೃಷ್ಟದ ಆಟ, ಜೂಜು ಎಂಬ ಆರೋಪಕ್ಕೆ ಇದೇ ಆಧಾರವಾಯಿತು. 1942ರಲ್ಲಿ ನ್ಯೂಯಾರ್ಕ್ ಮೇಯರ್ ಲಾಗ್ವಾರ್ಡಿಯಾ ಯಂತ್ರಗಳನ್ನು ನಿಷೇಧಿಸಿದರು, ಸುತ್ತಿಗೆಯಿಂದ ಒಡೆಸಿದರು. ಯಂತ್ರಗಳ ತವರಾದ ಷಿಕಾಗೊ ನಗರದಲ್ಲೇ ದಶಕಗಳ ಕಾಲ ಆಡುವಂತಿರಲಿಲ್ಲ.

1947ರಲ್ಲಿ ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ'ಯಲ್ಲಿ ಹ್ಯಾರಿ ಮ್ಯಾಬ್ಸ್ ಗುಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಆರು ಫ್ಲಿಪ್ಪರ್‌ಗಳನ್ನು ಇಟ್ಟಾಗ ಆಟದ ಸ್ವಭಾವವೇ ಬದಲಾಯಿತು. ಮರುವರ್ಷ ಸ್ಟೀವ್ ಕೊರ್ಡೆಕ್ 'ಟ್ರಿಪಲ್ ಆ್ಯಕ್ಷನ್'ನಲ್ಲಿ ಎರಡೇ ಫ್ಲಿಪ್ಪರ್‌ಗಳನ್ನು ಹಲಗೆಯ ತಳದಲ್ಲಿಟ್ಟ. ಆ ಎರಡರ ನಡುವಿನ ಸಂದೇ ಪಿನ್‌ಬಾಲಿನ ಎಲ್ಲ ಆತಂಕದ ಮೂಲ. ಇದು ಕೌಶಲದ ಆಟ ಎಂದು ಕಾನೂನಿಗೆ ಒಪ್ಪಿಸಲು ಮಾತ್ರ 1976 ಬರಬೇಕಾಯಿತು. ಆ ವರ್ಷ ನ್ಯೂಯಾರ್ಕಿನ ನಗರ ಸಮಿತಿಯ ಮುಂದೆ ಪತ್ರಕರ್ತ ರೋಜರ್ ಶಾರ್ಪ್, ಗುಂಡು ಇಂಥ ದಾರಿಯಲ್ಲೇ ಹೋಗುತ್ತದೆ ಎಂದು ಮೊದಲೇ ಹೇಳಿ ಚಿಮ್ಮಿಸಿದ. ಅದು ಹಾಗೆಯೇ ಹೋಯಿತು, ನಿಷೇಧ ತೆರವಾಯಿತು.

ಬತ್ತಿದ ಹೊಳೆ, ಮತ್ತೆ ಬಂದ ನೀರು

1992ರಲ್ಲಿ ಪ್ಯಾಟ್ ಲಾಲರ್ ವಿನ್ಯಾಸದ 'ದಿ ಆ್ಯಡಮ್ಸ್ ಫ್ಯಾಮಿಲಿ' 20,270 ಯಂತ್ರಗಳಷ್ಟು ತಯಾರಾಯಿತು. ಅದೇ ದಶಕ ಮುಗಿಯುವಾಗ, 1999ರ ಅಕ್ಟೋಬರಿನಲ್ಲಿ, ಆ ಕಾಲದ ದೊಡ್ಡಣ್ಣನಂತಿದ್ದ ವಿಲಿಯಮ್ಸ್ ಕಂಪನಿ ತನ್ನ ಪಿನ್‌ಬಾಲ್ ವಿಭಾಗದ ಬಾಗಿಲು ಹಾಕಿತು. ವಿಡಿಯೊ ಗೇಮುಗಳು ಮೊದಲೇ ಜಾಗ ಕಸಿದಿದ್ದವು, ಮನೆಯ ಟಿ.ವಿ.ಗೆ ಜೋಡಿಸುವ ಆಟಗಳು ಉಳಿದದ್ದನ್ನೂ ಕಸಿದವು. ಸೆಗಾ ಕಂಪನಿಯ ಪಿನ್‌ಬಾಲ್ ಘಟಕವನ್ನು ಕೊಂಡ ಗ್ಯಾರಿ ಸ್ಟರ್ನ್ ಒಬ್ಬರೇ ಹತ್ತು ವರ್ಷಕ್ಕೂ ಮಿಕ್ಕಿ ದೀಪ ಆರದಂತೆ ನೋಡಿಕೊಂಡರು. ಆ ಕಾಲದಲ್ಲಿ ದೊಡ್ಡ ಮಟ್ಟದಲ್ಲಿ ಪಿನ್‌ಬಾಲ್ ತಯಾರಿಸುವ ಕಾರ್ಖಾನೆ ಜಗತ್ತಿನಲ್ಲಿ ಅದೊಂದೇ.

ಈ ಬರಗಾಲದಲ್ಲಿ ಹಳೆಯ ಯಂತ್ರಗಳನ್ನು ಉಳಿಸಿದವರು ಅಭಿಮಾನಿಗಳು. ಬಾರ್‌ಗಳು ಹೊರಗೆಸೆದ ಪೆಟ್ಟಿಗೆಗಳನ್ನು ಮನೆಗೆ ಹೊತ್ತು ತಂದರು. ಬಿಡಿಭಾಗ ಸಿಗದಾಗ ತಾವೇ ಮಾಡಿಕೊಂಡರು, ಸರ್ಕ್ಯೂಟ್ ನಕ್ಷೆಗಳನ್ನು ಓದಲು ಕಲಿತರು. ರಿಪೇರಿ ಮಾಡುತ್ತ ಮಾಡುತ್ತ ಒಳಗಿನ ಹೂರಣವೆಲ್ಲ ತಿಳಿದಾಗ, ಹೊಸದನ್ನೇ ಏಕೆ ಕಟ್ಟಬಾರದು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಹೋಮ್‌ಬ್ರೂ ಸಾಲಿನ ಬೇರು ಇರುವುದು ಇಲ್ಲಿ. ಕೈಗಾರಿಕೆ ಕೈಬಿಟ್ಟ ವಿದ್ಯೆಯನ್ನು ಕೈತಪ್ಪಿ ಹೋಗದಂತೆ ಹಿಡಿದುಕೊಂಡವರ ಮುಂದುವರಿಕೆ ಅದು.

2011ರಲ್ಲಿ ಜರ್ಸಿ ಜ್ಯಾಕ್ ಪಿನ್‌ಬಾಲ್ ಹುಟ್ಟಿತು. 2013ರಲ್ಲಿ ಬಂದ ಅದರ 'ದಿ ವಿಝರ್ಡ್ ಆಫ್ ಆಝ್' ಚುಕ್ಕಿಗಳ ಸಣ್ಣ ಫಲಕದ ಜಾಗದಲ್ಲಿ ದೊಡ್ಡ ಎಲ್‌ಸಿಡಿ ಪರದೆ ತಂದಿತು. ವಿಸ್ಕಾನ್ಸಿನ್‌ನ ಪುಟ್ಟ ಊರಿನಲ್ಲಿ ಸ್ಪೂಕಿ, ಟೆಕ್ಸಾಸ್‌ನಲ್ಲಿ ಮಲ್ಟಿಮಾರ್ಫಿಕ್, ಇಲಿನಾಯ್‌ನಲ್ಲಿ ಅಮೆರಿಕನ್ ಪಿನ್‌ಬಾಲ್, ನೆದರ್ಲೆಂಡ್ಸ್‌ನಲ್ಲಿ ಡಚ್ ಪಿನ್‌ಬಾಲ್ ಹೀಗೆ ಒಂದೊಂದಾಗಿ ತಲೆಯೆತ್ತಿದವು.

ಹೊಸ ಯಂತ್ರಗಳ ಮುಂದೆ

ಕಾರ್ಖಾನೆಯ ಹೊಸ ಯಂತ್ರದ ಮುಂದೆ ನಿಂತರೆ ಮೊದಲು ಸಿಗುವುದು ಭರವಸೆ. ಬಟನ್ ಒತ್ತಿದ ಕ್ಷಣ ಫ್ಲಿಪ್ಪರ್ ಏಳುತ್ತದೆ, ನೂರು ಸಲ ಒತ್ತಿದರೆ ನೂರೂ ಸಲ ಅಷ್ಟೇ ಬಲದಲ್ಲಿ. ಕೀತ್ ಎಲ್ವಿನ್ ವಿನ್ಯಾಸ ಮಾಡಿದ, ಸ್ಟರ್ನ್ ಕಂಪನಿಯ 2021ರ 'ಗಾಡ್ಜಿಲ್ಲಾ' ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನಡುವಿನ ಕಟ್ಟಡ ಆಟ ಸಾಗಿದಂತೆ ಅಂತಸ್ತು ಅಂತಸ್ತಾಗಿ ಕುಸಿಯುತ್ತದೆ, ಗುಂಡು ಹಾಯುವ ಸೇತುವೆ ಕಣ್ಣೆದುರೇ ಮುರಿದು ಬೀಳುತ್ತದೆ. ಇದು ಬರಿಯ ಅಲಂಕಾರ ಅಲ್ಲ. ಕಟ್ಟಡ ಕುಸಿದಾಗ ಗುಂಡಿನ ದಾರಿ ಬದಲಾಗುತ್ತದೆ, ಆಡುವವನ ಯೋಚನೆಯೂ ಬದಲಾಗಬೇಕಾಗುತ್ತದೆ. ಕಥೆ, ಯಂತ್ರ, ನಿಯಮ ಮೂರೂ ಒಂದೇ ಏಟಿನಲ್ಲಿ ಕೂಡುವ ಇಂಥ ಕ್ಷಣವೇ ಈ ಕಲೆಯ ಶಿಖರ ಎಂದು ನಾನು ನಂಬಿದ್ದೇನೆ.

ಮಲ್ಟಿಮಾರ್ಫಿಕ್‌ನ 'ಪಿ3' ಬೇರೆ ದಾರಿ ಹಿಡಿದಿದೆ. ಹಲಗೆಯ ಕೆಳಭಾಗವೇ ಒಂದು ಪರದೆ. ಗುಂಡು ಎಲ್ಲಿದೆ ಎಂಬುದನ್ನು ಯಂತ್ರ ಸದಾ ಗುರುತಿಸುತ್ತಿರುತ್ತದೆ, ಪರದೆಯ ಚಿತ್ರ ಅದಕ್ಕೆ ಪ್ರತಿಕ್ರಿಯಿಸುತ್ತದೆ. ಮೇಲ್ಭಾಗವನ್ನು ಕಳಚಿ ಬೇರೊಂದನ್ನು ಕೂರಿಸಿದರೆ ಅದೇ ಪೆಟ್ಟಿಗೆಯಲ್ಲಿ ಬೇರೊಂದು ಆಟ. ಮನೆಯಲ್ಲಿ ಒಂದೇ ಯಂತ್ರಕ್ಕೆ ಜಾಗವಿರುವವರಿಗೆ ಇದು ದೊಡ್ಡ ಉಪಕಾರ.

ಆದರೆ ಹೊಸ ಸಾಲಿನಲ್ಲಿ ಎರಡು ವಿಷಯ ನನ್ನನ್ನು ಕಾಡುತ್ತವೆ. ಮೊದಲನೆಯದು ಬೆಲೆ. ಸಾದಾ ಮಾದರಿಗೇ ಸುಮಾರು 7,000 ಡಾಲರ್, ಸೀಮಿತ ಸಂಖ್ಯೆಯ ಸಿಂಗಾರದ ಮಾದರಿಗಳು 10,000 ಡಾಲರನ್ನು ಸಲೀಸಾಗಿ ದಾಟುತ್ತವೆ. ಚಹದ ಅಂಗಡಿಯಂಥ ಜಾಗಗಳಲ್ಲಿ, ಚಿಲ್ಲರೆ ಕಾಸಿನಲ್ಲಿ ಬೆಳೆದ ಆಟ ಈಗ ಸಂಗ್ರಹಕಾರರ ಕೋಣೆ ಸೇರುತ್ತಿದೆ. ಮುಂಗಡ ಹಣ ಪಡೆದು, ಯಂತ್ರ ಕೊಡಲಾಗದೆ ಮುಳುಗಿದ ಸಣ್ಣ ಕಂಪನಿಗಳೂ ಈ ದಶಕಗಳಲ್ಲಿ ಆಗಿಹೋಗಿವೆ. ಆ ಗಾಯ ಅಭಿಮಾನಿಗಳಲ್ಲಿ ಇನ್ನೂ ಮಾಗಿಲ್ಲ.

ಎರಡನೆಯದು ವಸ್ತುವಿನ ಆಯ್ಕೆ. ಇಷ್ಟು ಬೆಲೆಯ ಯಂತ್ರ ಮಾರಾಟವಾಗಲೇಬೇಕಾದಾಗ ಕಂಪನಿ ಗೊತ್ತಿರುವ ಹೆಸರನ್ನೇ ನೆಚ್ಚುತ್ತದೆ. ಹಾಗಾಗಿ ಹೆಸರಾಂತ ಸಿನಿಮಾ, ರಾಕ್ ತಂಡ, ಟಿ.ವಿ. ಧಾರಾವಾಹಿಗಳೇ ಸಾಲುಗಟ್ಟಿ ನಿಲ್ಲುತ್ತವೆ. ನಿಯಮಗಳು ಗ್ರಂಥದಷ್ಟು ದಪ್ಪ. ಮನೆಯಲ್ಲಿ ಸಾವಿರ ಸಲ ಆಡುವವನಿಗೆ ಆ ಆಳ ಬೇಕು, ಒಪ್ಪಿದೆ. ಆದರೆ ಮೂರು ಗುಂಡುಗಳಲ್ಲಿ, ಮೂರು ನಿಮಿಷದಲ್ಲಿ ಆಟ ಮುಗಿಸುವ ಹೊಸಬ ಮೊದಲ ಗುಂಡಿನಲ್ಲೇ ಒಂದಾದರೂ ಗುರಿಯನ್ನು ಅರ್ಥ ಮಾಡಿಕೊಂಡು ಹೊಡೆಯುವಂತಿರಬೇಕು. ಹಳೆಯ ಯಂತ್ರಗಳು ಇದನ್ನು ನಾಲ್ಕು ದೀಪ, ಒಂದು ಗಂಟೆಯ ಸದ್ದಿನಲ್ಲೇ ಸಾಧಿಸಿದ್ದವು.

ಮನೆಯಲ್ಲಿ ಕಟ್ಟುವುದು ಎಂದರೆ

ಒಬ್ಬ ಮನುಷ್ಯ ತನ್ನ ಗ್ಯಾರೇಜಿನಲ್ಲಿ ಪಿನ್‌ಬಾಲ್ ಯಂತ್ರ ಕಟ್ಟಲು ಬಡಗಿಯಾಗಬೇಕು, ಎಲೆಕ್ಟ್ರಿಷಿಯನ್ ಆಗಬೇಕು, ಪ್ರೋಗ್ರಾಮರ್, ಚಿತ್ರಕಾರ, ಸಂಗೀತಗಾರ, ಕೊನೆಗೆ ಕಥೆಗಾರನೂ ಆಗಬೇಕು. ಸುಮಾರು 20 ಇಂಚು ಅಗಲ, 42 ಇಂಚು ಉದ್ದ, ಅರ್ಧ ಇಂಚು ದಪ್ಪದ ಪ್ಲೈವುಡ್ ಹಲಗೆಯಿಂದ ಕೆಲಸ ಶುರು. ಬಣ್ಣ, ಚಿತ್ರ ಏನೂ ಇಲ್ಲದ ಈ ಮೊದಲ ಹಲಗೆಗೆ 'ವೈಟ್‌ವುಡ್' ಎಂದು ಹೆಸರು. ಅದನ್ನು ಆರೂವರೆ ಡಿಗ್ರಿ ಓರೆಗೆ ನಿಲ್ಲಿಸಿ, ಸುಮಾರು 80 ಗ್ರಾಂ ತೂಕದ, 27 ಮಿಲಿಮೀಟರ್ ಅಡ್ಡಳತೆಯ ಉಕ್ಕಿನ ಗುಂಡು ಬಿಟ್ಟು ನೋಡುತ್ತಾರೆ. ಫ್ಲಿಪ್ಪರಿನ ಬಟನ್ ಒಂದು ಕ್ಷಣ ಬೇಗ ಒತ್ತಿದರೆ ಗುಂಡು ಒಂದೆಡೆ, ತುಸು ತಡವಾದರೆ ಇನ್ನೊಂದೆಡೆ. ಪ್ರತಿ ಗುರಿಯೂ ಆ ಕ್ಷಣಗಳ ಲೆಕ್ಕಕ್ಕೆ ಸಿಗುವಂತಿರಬೇಕು. ಕಂಪ್ಯೂಟರಿನಲ್ಲಿ ಗೆರೆ ಎಳೆದಾಗ ಸರಿಯಿದ್ದ ದಾರಿ ಹಲಗೆಯ ಮೇಲೆ ಒಂದು ಬೆರಳಿನಷ್ಟು ತಪ್ಪಿದರೂ ಏರುದಾರಿಯಾದ ರ‍್ಯಾಂಪಿನ ಬಾಯಿಗೆ ಬಡಿದು ಗುಂಡು ಹಿಂದೆ ಬರುತ್ತದೆ. ಆಗ ಹಲಗೆಯನ್ನು ಬಿಸಾಡಿ ಮತ್ತೊಂದನ್ನು ಕೊರೆಯಬೇಕು. ಮೂರು ನಾಲ್ಕು ವೈಟ್‌ವುಡ್‌ಗಳನ್ನು ದಾಟಿ ಬಂದ ಯಂತ್ರಗಳು ಸಾಮಾನ್ಯ.

ಹೊಸಬರು ಹೆಚ್ಚಾಗಿ ಎಡವುವುದು ಫ್ಲಿಪ್ಪರಿನಲ್ಲಿ. ಅದನ್ನು ಎತ್ತುವ ಕಾಯಿಲಿಗೆ ಸುಮಾರು 50 ವೋಲ್ಟ್ ಬೇಕು. ಮೊದಲ ಕೆಲವೇ ಮಿಲಿಸೆಕೆಂಡು ಪೂರ್ತಿ ಬಲ, ಬಳಿಕ ಎತ್ತಿದಲ್ಲೇ ಹಿಡಿದಿಡುವಷ್ಟು ಸಣ್ಣ ಬಲ. ಪ್ರೋಗ್ರಾಮ್ ಎಲ್ಲೋ ಸಿಕ್ಕಿಕೊಂಡು ಪೂರ್ತಿ ಬಲವೇ ಹರಿಯುತ್ತಾ ಉಳಿದರೆ ಕಾಯಿಲ್ ಸುಟ್ಟು ಹೊಗೆಯಾಡುತ್ತದೆ. ಬಟನ್ ಒತ್ತಿದ ಸುದ್ದಿ ಕಂಪ್ಯೂಟರಿಗೆ ಹೋಗಿ ಅಪ್ಪಣೆ ವಾಪಸು ಬರುವಷ್ಟು ಹೊತ್ತು ಕಾದರೂ ಆಡುವವನ ಬೆರಳಿಗೆ ತಡ ಗೊತ್ತಾಗುತ್ತದೆ. ಈ ಗಂಟನ್ನು ಬಿಡಿಸಿದ್ದು 'ಪಿ-ರಾಕ್', 'ಫಾಸ್ಟ್' ಮುಂತಾದ ನಿಯಂತ್ರಕ ಬೋರ್ಡುಗಳು. ಬಟನ್ ಮತ್ತು ಕಾಯಿಲಿನ ನಂಟನ್ನು ಬೋರ್ಡೇ ನೋಡಿಕೊಳ್ಳುತ್ತದೆ. ಅಂಕ, ದೀಪ, ಕಥೆ ಮಾತ್ರ ಕಂಪ್ಯೂಟರಿನ ಪಾಲು. ಇದರ ಮೇಲೆ 'ಮಿಷನ್ ಪಿನ್‌ಬಾಲ್ ಫ್ರೇಮ್‌ವರ್ಕ್' ಎಂಬ ಮುಕ್ತ ತಂತ್ರಾಂಶವೂ ಸೇರಿದ್ದರಿಂದ, ಪ್ರೋಗ್ರಾಮಿಂಗಿನಲ್ಲಿ ಪಳಗದವರೂ ನಿಯಮಗಳನ್ನು ಸಾಲು ಸಾಲಾಗಿ ಬರೆದು ಆಟ ಕಟ್ಟುವಂತಾಯಿತು. ಸಿಎನ್‌ಸಿ ಯಂತ್ರ, ತ್ರಿಡಿ ಪ್ರಿಂಟರುಗಳು ಬಂದು, ಹಿಂದೆ ಕಾರ್ಖಾನೆಗಷ್ಟೇ ಎಟುಕುತ್ತಿದ್ದ ಭಾಗಗಳು ಮನೆಗೆ ಇಳಿದವು.

ಸಾಲಿನುದ್ದಕ್ಕೂ ನಡೆದರೆ ಮನೆಯ ಯಂತ್ರಗಳಲ್ಲಿ ಮೂರು ಬಗೆ ಕಾಣುತ್ತವೆ. ಹಳೆಯ ಯಂತ್ರದ ಚಿತ್ರ, ಸಂಗೀತ ಬದಲಿಸಿ ಹೊಸ ವೇಷ ತೊಡಿಸಿದವು ಒಂದು ಬಗೆ. ಹಳೆಯ ಹಲಗೆಯನ್ನು ಹಾಗೇ ಇಟ್ಟು ಮಿದುಳನ್ನು ಬದಲಿಸಿ ಹೊಸ ನಿಯಮ ಬರೆದವು ಇನ್ನೊಂದು. ಡಚ್ ಪಿನ್‌ಬಾಲಿನವರ 'ಬ್ರೈಡ್ ಆಫ್ ಪಿನ್‌ಬಾಟ್ 2.0' ಈ ಎರಡನೆಯ ದಾರಿಯಲ್ಲೇ ಹೊರಟು ಮಾರಾಟದ ಸರಕಾಯಿತು. ಮೂರನೆಯ ಬಗೆ, ಮೊದಲ ಮೊಳೆಯಿಂದ ಕೊನೆಯ ದೀಪದವರೆಗೆ ಸ್ವಂತದ್ದು. ನನ್ನ ಮನಸ್ಸು ನಿಲ್ಲುವುದು ಈ ಮೂರನೆಯ ಬಗೆಯ ಮುಂದೆ. ಅಲ್ಲಿ ಫ್ಲಿಪ್ಪರ್ ತುಸು ಸಡಿಲವಿರಬಹುದು, ದೀಪದ ಬಿಲ್ಲೆ ಹಲಗೆಗಿಂತ ಕೂದಲೆಳೆಯಷ್ಟು ಮೇಲೆದ್ದು ಗುಂಡಿನ ದಿಕ್ಕು ತಪ್ಪಿಸಬಹುದು. ಆದರೂ ಒಬ್ಬನ ಹುಚ್ಚು, ಒಬ್ಬನ ಕಿವಿ, ಒಬ್ಬನ ಲೆಕ್ಕಾಚಾರ ಅದರಲ್ಲಿ ಕಲಬೆರಕೆಯಿಲ್ಲದೆ ಕಾಣುತ್ತದೆ.

ಗ್ಯಾರೇಜಿನಿಂದ ಕಾರ್ಖಾನೆಗೆ

ಈ ಒಬ್ಬೊಬ್ಬರ ಹುಚ್ಚಿನಿಂದ ಕಾರ್ಖಾನೆ ಎಷ್ಟು ಪಡೆದಿದೆ ಎಂದು ಲೆಕ್ಕ ಹಾಕಿದರೆ ಎರಡೂ ಸಾಲುಗಳ ಸಂಬಂಧ ತಿಳಿಯುತ್ತದೆ. ಎಲೆಕ್ಟ್ರಾನಿಕ್ಸ್ ಪ್ರಯೋಗಗಳಿಂದ ಹೆಸರಾದ ಬೆನ್ ಹೆಕೆಂಡಾರ್ನ್ ಸ್ವಂತವಾಗಿ ಕಟ್ಟುತ್ತಿದ್ದ ಭೂತ-ಪ್ರೇತಗಳ ಆಟ 'ಅಮೆರಿಕಾಸ್ ಮೋಸ್ಟ್ ಹಾಂಟೆಡ್', ಸ್ಪೂಕಿ ಕಂಪನಿಯ ಮೊದಲ ಯಂತ್ರವಾಯಿತು. ತಯಾರಾದದ್ದು 150 ಮಾತ್ರ, ಆದರೆ ಅದರಿಂದ ಒಂದು ಕಂಪನಿಯೇ ನಿಂತಿತು.

ಸ್ಕಾಟ್ ಡನೇಸಿಯ 'ಟೋಟಲ್ ನ್ಯೂಕ್ಲಿಯರ್ ಆ್ಯನಿಹಿಲೇಶನ್' ಇನ್ನೂ ಸೊಗಸಾದ ಪಾಠ. 1980ರ ದಶಕದ ಯಂತ್ರಗಳಂತೆ ಸಪಾಟು ಹಲಗೆ, ರ‍್ಯಾಂಪುಗಳಿಲ್ಲ. ಒಂಬತ್ತು ಅಣುಸ್ಥಾವರಗಳನ್ನು ಒಂದೊಂದಾಗಿ ಸ್ಫೋಟಿಸಬೇಕು, ನಿಯಮ ಇಷ್ಟೇ. ಡನೇಸಿ ತಾನೇ ರಚಿಸಿದ ಸಿಂಥಸೈಜರ್ ಸಂಗೀತ ಎದೆಯೊಳಗೆ ಗುದ್ದುತ್ತದೆ. ಯಾವ ಸಿನಿಮಾದ ಹೆಸರೂ ಇಲ್ಲದ ಈ ಆಟವನ್ನು ಸ್ಪೂಕಿ ತಯಾರಿಸಿದಾಗ 550 ಯಂತ್ರಗಳು ಹೋದವು. ಹೆಸರಿಲ್ಲದೆ ಮಾರಲಾಗದು ಎಂಬ ಮಾರುಕಟ್ಟೆಯ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. 'ಲೆಜೆಂಡ್ಸ್ ಆಫ್ ವಾಲ್ಹಾಲಾ' ಕೂಡ ರಯಟ್ ಪಿನ್‌ಬಾಲ್ ಹೆಸರಿನ ಮನೆಯ ಯೋಜನೆಯಾಗಿದ್ದು, 2021ರಲ್ಲಿ ಅಮೆರಿಕನ್ ಪಿನ್‌ಬಾಲ್ ಮೂಲಕ ಹೊರಬಂತು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕೀತ್ ಎಲ್ವಿನ್. ಆತ ಜಗತ್ತಿನ ಅಗ್ರ ಆಟಗಾರರಲ್ಲೊಬ್ಬ. 'ಆರ್ಚರ್' ಎಂಬ ವ್ಯಂಗ್ಯಚಿತ್ರ ಧಾರಾವಾಹಿಯ ಮೇಲೆ ತನಗಾಗಿ ಒಂದು ಯಂತ್ರ ಕಟ್ಟಿಕೊಂಡಿದ್ದ. ಅದರ ವಿನ್ಯಾಸವೇ ಸ್ಟರ್ನ್ ಕಂಪನಿಯ ಬಾಗಿಲು ತೆರೆಸಿತು, 2018ರ 'ಐರನ್ ಮೇಡನ್' ಯಂತ್ರಕ್ಕೆ ತಳಪಾಯವಾಯಿತು. ಮುಂದೆ 'ಜುರಾಸಿಕ್ ಪಾರ್ಕ್', 'ಗಾಡ್ಜಿಲ್ಲಾ', 'ಜಾಸ್' ಬಂದವು. ಇಂದು ಕಾರ್ಖಾನೆಯ ಸಾಲಿನಲ್ಲಿ ಜನ ಹೆಚ್ಚು ಕಾದು ನಿಲ್ಲುವ ಯಂತ್ರಗಳ ಹಿಂದಿರುವ ಕೈ ಒಂದು ಕಾಲಕ್ಕೆ ಮನೆಯ ಸಾಲಿನದು.

ಪಿನ್‌ಬಾಲ್ ವಿನ್ಯಾಸವನ್ನು ಹೆಚ್ಚಿನವರು ಕಾಲೇಜಿನಲ್ಲಿ ಕಲಿತು ಬಂದವರಲ್ಲ. 100 ವರ್ಷ ಬಾಳಿ 2012ರಲ್ಲಿ ತೀರಿಕೊಂಡ ಸ್ಟೀವ್ ಕೊರ್ಡೆಕ್‌ನ ತಲೆಮಾರು ಕಾರ್ಖಾನೆಯಲ್ಲೇ ಕೆಲಸ ಮಾಡುತ್ತ ಕಲಿಯಿತು. ಇಂದಿನ ಸಣ್ಣ ಕಾರ್ಖಾನೆಗಳಿಗೆ ಹತ್ತು ವರ್ಷ ಸಾಕಿ ಕಲಿಸುವ ಶಕ್ತಿ ಇಲ್ಲ. ಗರಡಿಮನೆಯ ಆ ಕೆಲಸ ಗ್ಯಾರೇಜಿನ ಪಾಲಿಗೆ ಬಂದಿದೆ.

ಮೆಚ್ಚುಗೆಯ ಜೊತೆಗೆ ಹೇಳಬೇಕಾದದ್ದು

ಮನೆಯ ಸಾಲನ್ನು ಪ್ರೀತಿಸುವವರು ಅದರ ಕೊರತೆಯನ್ನೂ ನೇರವಾಗಿ ಹೇಳಬೇಕು. ಯಾರ ಅಪ್ಪಣೆಯೂ ಬೇಕಿಲ್ಲದ ಜಾಗದಲ್ಲೂ ಬಹುಪಾಲು ಜನ ಆರಿಸಿಕೊಳ್ಳುವುದು ತಾವು ಮೆಚ್ಚಿದ ಸಿನಿಮಾ ಅಥವಾ ವಿಡಿಯೊ ಗೇಮನ್ನೇ. ಪ್ರೀತಿ ಅರ್ಥವಾಗುತ್ತದೆ. ಆದರೆ ಹಕ್ಕು ಬೇರೆಯವರದ್ದಾದ ಕಾರಣ ಅಂಥ ಯಂತ್ರವನ್ನು ಮಾರುವಂತಿಲ್ಲ, ಅದು ಒಂದೇ ಪ್ರತಿಯಾಗಿ ಉಳಿಯುತ್ತದೆ. ಸ್ವಂತ ಕಥೆ ಹೇಳಿದ ಡನೇಸಿಗೆ ಆ ಅಡ್ಡಿ ಇರಲಿಲ್ಲ. ಸ್ವಾತಂತ್ರ್ಯ ಇರುವವನು ಅದನ್ನು ಬಳಸಲೇಬೇಕು ಎಂದು ನನ್ನ ಒತ್ತಾಯ.

ಇನ್ನೊಂದು ಕೊರತೆ ಅಂಕಗಳ ತೂಕದ್ದು. ಕಟ್ಟಿದವನಿಗೆ ತನ್ನ ಯಂತ್ರದ ಪ್ರತಿ ಮೂಲೆ ಗೊತ್ತು, ಹಾಗಾಗಿ ಕಷ್ಟದ ಹೊಡೆತ ಅವನಿಗೆ ಸುಲಭವಾಗಿ ಕಾಣುತ್ತದೆ. ಕಾರ್ಖಾನೆಯಲ್ಲಿ ಹತ್ತಾರು ಜನ ತಿಂಗಳುಗಟ್ಟಲೆ ಆಡಿ ತಿದ್ದುತ್ತಾರೆ. ಮನೆಯಲ್ಲಿ ಮಡದಿ, ಮಕ್ಕಳು, ಇಬ್ಬರು ಗೆಳೆಯರು. ಎಕ್ಸ್‌ಪೊದಂಥ ಮೇಳ ಈ ಕೊರತೆಯನ್ನು ತುಂಬುತ್ತದೆ. ಮೂರು ನಾಲ್ಕು ದಿನಗಳಲ್ಲಿ ನೂರಾರು ಅಪರಿಚಿತ ಕೈಗಳು ಯಂತ್ರವನ್ನು ಮುಟ್ಟುತ್ತವೆ. ಎಲ್ಲಿ ಗುಂಡು ಸಿಕ್ಕಿಕೊಳ್ಳುತ್ತದೆ, ಯಾವ ದೀಪವನ್ನು ಯಾರೂ ಗಮನಿಸುವುದಿಲ್ಲ, ಯಾವ ಹೊಡೆತಕ್ಕೆ ಜನ ಕೂಗಿ ಕುಣಿಯುತ್ತಾರೆ, ಎಲ್ಲವೂ ಬಯಲಾಗುತ್ತದೆ.

ನಮಗೂ ಒಂದು ಎಳೆ

ಭಾರತದಲ್ಲಿ ಪಿನ್‌ಬಾಲ್ ಎಂದೂ ಮನೆಮಾತಾಗಲಿಲ್ಲ. ಆದರೂ ಒಂದು ಎಳೆ ಇದೆ. ಅಮೆರಿಕನ್ ಪಿನ್‌ಬಾಲ್ ಹುಟ್ಟಿದ್ದು ಏಮ್‌ಟ್ರಾನ್ ಎಂಬ ಭಾರತೀಯ ಮೂಲದವರ ಎಲೆಕ್ಟ್ರಾನಿಕ್ಸ್ ಬಳಗದ ಆಸರೆಯಲ್ಲಿ. 2017ರಲ್ಲಿ ಹೊರಬಂದ 'ಹೂಡಿನಿ' ಅದರ ಮೊದಲ ಯಂತ್ರ. ಅದೇ ಬಳಗದ ಭಾರತದ ಕಂಪನಿಗೆ ವಡೋದರದಲ್ಲೂ ಬೆಂಗಳೂರಿನಲ್ಲೂ ಘಟಕಗಳಿವೆ. ಸರ್ಕ್ಯೂಟ್ ಬೋರ್ಡ್ ಬೆಸೆಯುವ ಕೈಗಳು, ಪ್ರೋಗ್ರಾಮ್ ಬರೆಯುವ ತಲೆಗಳು, ಮರ ಕಡೆಯುವ ಕುಶಲತೆ ಮೂರೂ ನಮ್ಮ ನಾಡಿನಲ್ಲಿ ಧಾರಾಳವಾಗಿವೆ. ಬಾಗಟೆಲ್ ಹಲಗೆ ಆಡಿ ಬೆಳೆದವರೂ ಇದ್ದಾರೆ. ಒಂದು ಇಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ತಂಡ ಇಂಥದೊಂದು ಯಂತ್ರವನ್ನು ಕಟ್ಟಿದರೆ ಯಂತ್ರಶಾಸ್ತ್ರ, ವಿದ್ಯುತ್ತು, ತಂತ್ರಾಂಶ, ಚಿತ್ರಕಲೆಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕಲಿತಂತಾಗುತ್ತದೆ. ಗುಂಡನ್ನು ಪುಟಿಸುವ ಬಂಪರ್ ಯಕ್ಷಗಾನದ ಚೆಂಡೆಯ ತಾಳಕ್ಕೆ ಬಡಿಯುವ ಯಂತ್ರವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿದ್ದೇನೆ.

ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಕಾರ್ಖಾನೆ ಇಲ್ಲದಿದ್ದರೆ ಫ್ಲಿಪ್ಪರ್, ಕಾಯಿಲ್, ಗುಂಡು ಯಾವುದೂ ಸುಲಭವಾಗಿ ಸಿಗುತ್ತಿರಲಿಲ್ಲ, ಮನೆಯ ಯಂತ್ರಗಳ ಮೈಯೆಲ್ಲ ಕಾರ್ಖಾನೆಯ ಬಿಡಿಭಾಗಗಳೇ. ಗ್ಯಾರೇಜ್ ಇಲ್ಲದಿದ್ದರೆ ಕಾರ್ಖಾನೆಗೆ ಹೊಸ ವಿನ್ಯಾಸಕಾರರು ಬರುತ್ತಿದ್ದ ದಾರಿ ಕಿರಿದಾಗುತ್ತಿತ್ತು. ಯಂತ್ರವನ್ನು ಗಟ್ಟಿಯಾಗಿ, ನೂರಾರು ಪ್ರತಿಗಳಲ್ಲಿ ಕೊಡುವುದು ಕಾರ್ಖಾನೆಯ ಶಕ್ತಿ. ಸೋಲಬಹುದಾದ್ದನ್ನು ಧೈರ್ಯವಾಗಿ ಮಾಡಿ ನೋಡುವುದು ಮನೆಯ ಶಕ್ತಿ, ಉಸಿರು ಬರುತ್ತಿರುವುದು ಆ ಕಡೆಯಿಂದಲೇ.

ಮೂಲೆಯ ಆ ಯಂತ್ರದ ಮುಂದೆ ಹುಡುಗಿಯ ಮೂರನೆಯ ಗುಂಡು ಎಡಗಡೆಯ ರ‍್ಯಾಂಪನ್ನು ಏರಲಾರದೆ ಮೂರು ಸಲ ಹಿಂದೆ ಬಂದು, ಫ್ಲಿಪ್ಪರುಗಳ ಸಂದಿನಲ್ಲಿ ಜಾರಿಹೋಯಿತು. ಕಟ್ಟಿದಾತ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಏನೋ ಗುರುತು ಹಾಕಿಕೊಂಡ. "ಆ ರ‍್ಯಾಂಪ್ ಸ್ವಲ್ಪ ಕಡಿದಾಯ್ತು ಅಲ್ವಾ?" ಎಂದು ಅವಳನ್ನೇ ಕೇಳಿದ. ಅವಳು ತಲೆಯಾಡಿಸಿದಳು, ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತಳು.